ರೆಕ್ಕೆಗೆ ಬಟ್ಟೆ ಹೊಲಿಸಿದವರು

ಅವರ ಬಲಗಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. ಎದುರಿಗಿದ್ದವರು ಬಾಯಿ ತೆರೆದ ಕೂಡಲೇ ಆರಡಿ ಎತ್ತರದ ಆ ಮನುಷ್ಯ ಸೊಂಟದಿಂದ ಬಾಗಿ, ಕತ್ತನ್ನು ಬಲಕ್ಕೆ ಹೊರಳಿಸಿ, ಎಡಗಿವಿಯನ್ನು ಮುಂದಕ್ಕೆ ತಂದು ನಿಲ್ಲುತ್ತಿದ್ದರು. ಮೊದಲ ಸಲ ನೋಡಿದವರಿಗೆ ಇವರು ಏನೋ ಗುಟ್ಟು ಕೇಳಲು ಬಂದಿದ್ದಾರೆ ಅನ್ನಿಸಬೇಕು. ಕೇಳದ ಕಿವಿಯ ಸಂದಿಯಲ್ಲಿ ಬಡಗಿಗಳು ಬಳಸುವ ಚಪ್ಪಟೆ ಪೆನ್ಸಿಲ್ ಒಂದು ಯಾವಾಗಲೂ ಇರುತ್ತಿತ್ತು. "ಈ ಕಿವಿಗೆ ಬ್ಯಾರೆ ಕೆಲ್ಸ ಇಲ್ಲ ಕಣವ್ವ, ಪೆನ್ಸಿಲ್ಲಾದ್ರೂ ಮಡೀಕಳ್ಳಿ ಅಂತ ಬುಟ್ಟಿವ್ನಿ" ಎನ್ನುತ್ತಿದ್ದರು.

ಆ ಕಿವಿಯನ್ನು ತೆಗೆದುಕೊಂಡದ್ದು ವಿಮಾನದ ಎಂಜಿನ್ನುಗಳು. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರ ಲಿಂಗಾಯತ ರೈತರ ಮನೆಯಲ್ಲಿ ಹುಟ್ಟಿ, ಹದಿನೆಂಟಕ್ಕೇ ವಾಯುಪಡೆ ಸೇರಿ, ಇಪ್ಪತ್ತು ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಸ್ಪ್ಯಾನರ್ ಹಿಡಿದು ಮಲಗಿದವರು ಅವರು. ಒಂದು ದಿನವೂ ವಿಮಾನ ನಡೆಸಿದವರಲ್ಲ. ನಿವೃತ್ತಿಯಾದ ಮೇಲೆ ಹುಣಸೂರಿಗೆ ಬಂದು, ಸೇತುವೆ ದಾಟಿದರೆ ಸಿಗುವ ಸಾಮಿಲ್ಲಿನ ಹಿಂದೆ ವರ್ಕ್‌ಶಾಪ್ ತೆರೆದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ಬಿಸಿಗಾಳಿಯ ಕೊಳವೆ, ಟ್ರ್ಯಾಕ್ಟರುಗಳಿಗೆ ಟ್ರೈಲರ್ ಮಾಡಿಕೊಡುತ್ತಿದ್ದರು. ಊರಿಗೆಲ್ಲ ಅವರು ಫಿಟ್ಟರ್ರು, ನನಗೆ ಫಿಟ್ಟರಣ್ಣ.

ನನ್ನದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ. ರವಿಕೆ, ಲಂಗ, ಶಾಲೆಯ ಯೂನಿಫಾರಂ. ನನ್ನ ಅವ್ವ ಹರಾಜು ಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲುಗಳಿಗೆ ಗೋಣಿತಾಟು ಹೊಲಿಯುತ್ತಿದ್ದಳು. ಗೇಣುದ್ದದ ದಬ್ಬಳ ಹಿಡಿದು ಗಂಟು ಹಾಕುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಅಕ್ಷರ ನನಗೆ ಅಷ್ಟೇನೂ ಒಲಿಯಲಿಲ್ಲ. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಫೇಲಾದ ಮೇಲೆ ನಮ್ಮ ಮೇಷ್ಟ್ರು "ನಿನ್ನ ತಲೆಗೆ ಹತ್ತಾಕಿಲ್ಲ, ಬುಡು" ಅಂದರು. ನಾನೂ ಬಿಟ್ಟೆ.

ಒಂದು ದಿನ ಫಿಟ್ಟರಣ್ಣ ಅಂಗಡಿಗೆ ಬಂದು ಬಿಳೀ ಬಟ್ಟೆಯ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟರು. ನೈಲಾನಿನ ಹಾಗೆ ತೆಳ್ಳಗೆ, ಆದರೆ ಬಿಗಿಯಾದ ನೇಯ್ಗೆ.

"ಇವೆರಡನ್ನ ಸೇರಿಸಿ ಹೊಲ್ಕೊಡವ್ವ. ಕಿತ್ರೂ ಬರಬಾರ್ದು."

"ಯಾತಕ್ಕಣ್ಣ?"

"ಮೊದ್ಲು ಹೊಲಿ. ಆಮ್ಯಾಕೆ ಹೇಳ್ತೀನಿ."

ಶಾಲೆಯ ಚೀಲಗಳಿಗೆ ಹೊಲಿಯುವ ಹಾಗೆ ಎರಡು ಅಂಚನ್ನೂ ಒಂದರೊಳಗೊಂದು ಮಡಿಸಿ, ಜೋಡಿ ಹೊಲಿಗೆ ಹಾಕಿ ಕೊಟ್ಟೆ. ನಾಲ್ಕು ದಿನದ ಮೇಲೆ ಮತ್ತೆ ಬಂದರು. ಆಗ ಗೊತ್ತಾಯಿತು, ಅವರು ಅದೇ ಬಟ್ಟೆಯನ್ನು ಊರಿನ ಆರು ಜನ ಟೈಲರುಗಳಿಗೆ ಕೊಟ್ಟು ಹೊಲಿಸಿದ್ದರು. ಎಲ್ಲವನ್ನೂ ತೊಲೆಗೆ ಕಟ್ಟಿ, ಕೆಳಗೆ ಮರಳು ಚೀಲ ನೇತುಹಾಕಿ ಎಳೆದು ನೋಡಿದ್ದರು. ಐವರದು ಹೊಲಿಗೆಯ ಗೆರೆಗೇ ಬಿಟ್ಟುಕೊಂಡಿತ್ತು.

"ನಿಂದ್ರಲ್ಲಿ ಹೊಲಿಗೆ ಹಂಗೇ ನಿಂತು, ಪಕ್ಕದ ಬಟ್ಟೆ ಹರಿದದೆ ನೋಡು" ಎಂದು ತೋರಿಸಿದರು. ಆಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಟ್ರೈಲರಿನ ಚಕ್ರದ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದರು: "ಒಂದು ಇಮಾನ ಕಟ್ತಾ ಇವ್ನಿ. ಮ್ಯಾಲೊಂದು ಕೆಳಗೊಂದು ರೆಕ್ಕೆ, ಎರಡಟ್ಟದ್ದು. ರೆಕ್ಕೆಗೆ ಬಟ್ಟೆ ಹೊಲಿಯೋರು ಬೇಕಾಗಿತ್ತು."

ನಾನು ನಕ್ಕುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಗು ನಿಲ್ಲುವವರೆಗೂ ಕಾದು, "ಬುಧವಾರ ಬಿಡುವಾದ್ರೆ ವರ್ಕ್‌ಶಾಪಿಗೆ ಬಾ" ಎಂದು ಎದ್ದುಹೋದರು.

ಬುಧವಾರ ಹೋದೆ. ತಮಾಷೆ ನೋಡಲೆಂದೇ ಹೋದದ್ದು. ಒಳಗೆ ಕಾಲಿಟ್ಟ ಮೇಲೆ ತಮಾಷೆಯ ಮಾತು ಮರೆತುಹೋಯಿತು. ಬ್ಯಾರನ್ ಕೊಳವೆಗಳ ರಾಶಿಯ ಆಚೆ, ಸಣ್ಣ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಉದ್ದನೆಯ ಪಂಜರವೊಂದು ಎರಡು ಮರದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಅದು ವಿಮಾನದ ಮೈ. ಗೋಡೆಯ ಉದ್ದಕ್ಕೂ ಮೀನಿನ ಮುಳ್ಳಿನಷ್ಟು ಹಗುರವಾದ, ರೆಕ್ಕೆಯ ಒಳಗೆ ಕೂರುವ ಮರದ ಪಕ್ಕೆಗಳು ಸಾಲಾಗಿ ತೂಗುತ್ತಿದ್ದವು. ಅವುಗಳನ್ನು ಮಾಡುತ್ತಿದ್ದವರು ಸಾಲಿಗ್ರಾಮದಿಂದ ಬಂದಿದ್ದ ಬಡಗಿ. ಆಚಾರ್ರು ಎಂದೇ ಎಲ್ಲರೂ ಕರೆಯುತ್ತಿದ್ದ, ಮಾತು ಕಡಿಮೆಯ ಹಿರಿಯರು. ಮೂಲೆಯಲ್ಲಿ ಫಿಟ್ಟರಣ್ಣನ ಹೆಂಡತಿ, ನಮ್ಮ ಅತ್ತಿಗೆ, ಅಂಟು ಒಣಗುತ್ತಿದ್ದ ರೆಕ್ಕೆಯ ಉದ್ದ ತೊಲೆಯೊಂದರ ಪಕ್ಕ ಬ್ಯಾರನ್ನಿನ ಥರ್ಮಾಮೀಟರ್ ಹಿಡಿದು ಕೂತಿದ್ದರು. ಹರೆಯದಿಂದಲೂ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕಿ ಬಿಸಿ ಕಾಯ್ದ ಹೆಂಗಸು ಅವರು. ಅಂಟಿಗೆ ಎಷ್ಟು ಬಿಸಿ ಬೇಕು, ಅದು ಎಲ್ಲಿ ಕಡಿಮೆಯಾಗುತ್ತಿದೆ ಎನ್ನುವುದು ಫಿಟ್ಟರಣ್ಣನಿಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು.

"ಎರಡು ರೆಕ್ಕೆ ಯಾಕಣ್ಣ, ಒಂದು ಸಾಲಾಕಿಲ್ವಾ?" ಎಂದು ಕೇಳಿದೆ.

ಅವರು ಎರಡು ಅಂಗೈಯನ್ನು ಮೇಲೊಂದು ಕೆಳಗೊಂದು ಹಿಡಿದು ತೋರಿಸಿದರು. "ಒಂದೇ ಆದ್ರೆ ಉದ್ದ ಆಯ್ತದೆ, ತೊಲೆ ದಪ್ಪ ಬೇಕಾಯ್ತದೆ. ಎರಡು ಮಾಡಿ, ಮಧ್ಯ ಕಂಬ ಕೊಟ್ಟು, ತಂತಿ ಬಿಗಿದ್ರೆ ಒಂದನ್ನೊಂದು ಹಿಡ್ಕಂತವೆ. ಒಂದೊಂದು ರೆಕ್ಕೆ ಇಬ್ಬರು ಹೊತ್ಕಂಡು ಹೋಗೋ ಅಷ್ಟು ಹಗುರ. ಗೂಡ್ಸ್ ಆಟೋದಲ್ಲೂ ಹೋಯ್ತದೆ."

ಮರ ಹಿಮಾಲಯದ ಕಡೆಯಿಂದ ಲಾರಿಯಲ್ಲಿ ಬಂದ ಫರ್ ಜಾತಿಯದು. ನಮ್ಮ ಸಾಮಿಲ್ಲುಗಳಲ್ಲಿ ಸಿಗುವ ಒಂಬತ್ತು ಜಾತಿ ಮರವನ್ನು ಕಡ್ಡಿ ಮಾಡಿ, ತೂಕ ಹಾಕಿ, ಮುರಿದು ನೋಡಿ, ಯಾವುದೂ ಸಾಲದೆಂದು ಬರೆದಿಟ್ಟ ಮೇಲೆ ಅದನ್ನು ತರಿಸಿದ್ದರು. ಅವರ ಎಲ್ಲ ಕೆಲಸವೂ ಹಾಗೆಯೇ. ಮೊದಲು ಮುರಿದು ನೋಡಬೇಕು, ಎಷ್ಟಕ್ಕೆ ಮುರಿಯಿತೆಂದು ಬರೆಯಬೇಕು, ಆಮೇಲೆ ನಂಬಬೇಕು.

ರೆಕ್ಕೆಯ ಪರೀಕ್ಷೆಯೂ ಅದೇ. ಬಟ್ಟೆ ಹೊದಿಸುವ ಮೊದಲು ಬರಿಯ ಮರದ ರೆಕ್ಕೆಗಳನ್ನು ಮೈಗೆ ಜೋಡಿಸಿ, ಇಡೀ ಪಂಜರವನ್ನು ತಲೆಕೆಳಗಾಗಿ ನಿಲ್ಲಿಸಿ, ಮೇಲೆ ಮರಳು ಚೀಲ ಹೇರುವುದು. ಹಾರುವಾಗ ಗಾಳಿ ಎತ್ತುವ ದಿಕ್ಕಿಗೇ ಇಲ್ಲಿ ಮರಳು ಒತ್ತುತ್ತದೆ. ವಿಮಾನದ ತೂಕದ ಆರರಷ್ಟು ಭಾರಕ್ಕೂ ರೆಕ್ಕೆ ಮುರಿಯಬಾರದು ಎನ್ನುವುದು ಅವರ ಲೆಕ್ಕ. ಸಾಮಿಲ್ಲಿನ ಕೆಲಸಗಾರರು, ಟ್ರೈಲರ್ ರಿಪೇರಿಗೆ ಬಂದ ರೈತರು ಎಲ್ಲ ಸುತ್ತ ಸೇರಿದ್ದರು. ನಾನು ಚೀಲ ಎಣಿಸಿ ಬರೆಯುತ್ತಿದ್ದೆ. ನಾಲ್ಕರಷ್ಟಾಯಿತು, ನಾಲ್ಕೂವರೆಯಾಯಿತು. ಐದಕ್ಕೆ ಇನ್ನು ಮೂರು ಚೀಲ ಇರುವಾಗ ಕಬ್ಬು ಮುರಿದ ಹಾಗೆ ಸದ್ದಾಗಿ, ಎಡಗಡೆಯ ಮೇಲಿನ ರೆಕ್ಕೆ ಮಡಚಿಕೊಂಡು ಮರಳೆಲ್ಲ ನೆಲಕ್ಕೆ ಸುರಿಯಿತು.

ಯಾರೋ ನಕ್ಕರು. "ಆಕಾಸ ಬುಡಿ ಫಿಟ್ಟರ್ರೇ, ನೆಲದ ಮ್ಯಾಲೇ ಬಿದ್ದೋಯ್ತಲ್ಲ" ಎಂದ ಒಬ್ಬ. ಫಿಟ್ಟರಣ್ಣ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಎಷ್ಟನೇ ಚೀಲಕ್ಕೆ ಮುರಿಯಿತೆಂದು ನೋಡಿ, ಕೆಳಗೆ ಗೆರೆ ಎಳೆದರು. ಆಮೇಲೆ ಮುರಿದ ತೊಲೆಯ ಪಕ್ಕ ಮಂಡಿಯೂರಿ, ಸೀಳನ್ನು ಬೆರಳಿನಲ್ಲಿ ಸವರುತ್ತಾ ಹೋದರು. ಸೀಳು ಶುರುವಾದದ್ದು ಬೋಲ್ಟಿನ ತೂತಿನಿಂದ. ತೂತು ಮರದ ಅಂಚಿಗೆ ತೀರ ಹತ್ತಿರವಿತ್ತು.

"ಮರ ಚೆನ್ನಾಗದೆ ಆಚಾರ್ರೇ. ನಿಮ್ಮ ಕೆಲಸವೂ ಚೆನ್ನಾಗದೆ. ಈ ತೂತು ಎಲ್ಲಿ ಬರಬೇಕು ಅಂತ ಬರೆದೋನು ನಾನು."

ಮರುದಿನ ಫಿಟ್ಟರಣ್ಣ ಮುರಿಯದೆ ಉಳಿದಿದ್ದ ಮೂರು ರೆಕ್ಕೆಗಳ ತೊಲೆಗಳನ್ನೂ ಗರಗಸದಲ್ಲಿ ಕುಯ್ಯಲು ಶುರುಮಾಡಿದರು. ಆಚಾರ್ರು ಎಂಟು ತಿಂಗಳು ಕೂತು ಮಾಡಿದ ರೆಕ್ಕೆಗಳು.

"ಅವು ಮುರೀನಿಲ್ವಲ್ಲ, ಯಾಕೆ ಕುಯ್ತೀರಿ?" ಎಂದರು ಆಚಾರ್ರು.

"ಅದೇ ತೂತು ಅವುಕ್ಕೂ ಅದೆ. ಇಲ್ಲಿ ಮುರೀನಿಲ್ಲ ಅಂದ್ರೆ ಮ್ಯಾಲೆ ಹೋದಾಗ ಮುರೀತವೆ."

"ಒಂದು ಪಟ್ಟಿ ಬಡಿದು ಸರಿ ಮಾಡ್ಬೋದು."

"ಮಾಡ್ಬೋದು. ಅದರೊಳಗೆ ನಾನು ಕೂರಾಕಿಲ್ಲ. ಬ್ಯಾರೆಯೋರ್ನ ಹೆಂಗೆ ಕೂರಿಸ್ಲಿ?"

ಆಚಾರ್ರು ಉಳಿ, ಹತ್ತರಿಗಳನ್ನು ಚೀಲಕ್ಕೆ ತುಂಬಿಕೊಂಡು ಸಾಲಿಗ್ರಾಮದ ಬಸ್ಸು ಹತ್ತಿದರು. ಎರಡು ತಿಂಗಳು ಬರಲಿಲ್ಲ. ಫಿಟ್ಟರಣ್ಣ ಕರೆಯಲೂ ಹೋಗಲಿಲ್ಲ. ತಾವೇ ಹತ್ತರಿ ಹಿಡಿದು ಹೊಸ ತೊಲೆಗಳನ್ನು ನುಣುಪು ಮಾಡಲು ಕೂತರು. ಬೆಸುಗೆ ಹಾಕುವ ಕೈ, ಮರದ ಮೇಲೆ ಒರಟಾಗಿ ಓಡುತ್ತಿತ್ತು. ಹಾಳಾದ ತುಂಡು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಆಚಾರ್ರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತು ನೋಡುತ್ತಿದ್ದರೋ ಗೊತ್ತಿಲ್ಲ. ಒಳಗೆ ಬಂದು ಫಿಟ್ಟರಣ್ಣನ ಕೈಯಿಂದ ಹತ್ತರಿ ತೆಗೆದುಕೊಂಡರು. "ನೀವು ವೆಲ್ಡಿಂಗ್ ನೋಡ್ಕಳಿ. ಮರದ ಮಾನ ಕಳೀಬ್ಯಾಡಿ" ಅಂದರು. ಅಷ್ಟೇ. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ.

ಎರಡನೇ ರೆಕ್ಕೆಗಳು ಆರರಷ್ಟು ಭಾರ ಹೊತ್ತವು. ಮತ್ತೆ ನಾಲ್ಕು ಚೀಲ ಹೇರಿಸಿ, ಮುರಿಯಲಿಲ್ಲವೆಂದು ಬರೆದ ಮೇಲೆ ಇಳಿಸಿದರು. ಪರೀಕ್ಷೆಗೆ ಹೊರೆ ಹೊತ್ತ ರೆಕ್ಕೆಗಳು ಹಾರುವುದಕ್ಕಲ್ಲವೆಂದು ಅವನ್ನು ಗೋಡೆಗೆ ಆನಿಸಿ, ಹಾರುವ ರೆಕ್ಕೆಗಳನ್ನು ಮೂರನೇ ಸಲ ಮಾಡಿಸಿದರು. ಈ ಸಲ ಆಚಾರ್ರು ಹತ್ತರಿ ತೆಗೆದುಕೊಂಡು ಕೆಲಸಕ್ಕೆ ಕೂತರು.

ಈ ನಡುವೆ ಅವರು ಹಾರಲು ಕಲಿಯುತ್ತಿದ್ದರು. ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಂಗಳೂರಿನ ಕಡೆಗೆ ಹೋಗಿ ಸಣ್ಣ ವಿಮಾನದಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಕಿವಿಯೊಂದು ಕೇಳದಿದ್ದರೂ ಪರವಾಗಿಲ್ಲವೆಂದು ಅಲ್ಲಿಯವರು ಹೇಳಿದ್ದರಂತೆ. ಆದರೆ ಲೈಸೆನ್ಸಿಗೆ ಮುಂಚಿನ ಪೂರ್ತಿ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ಬಡಿತ ತಪ್ಪುತ್ತಿರುವುದು ಕಂಡಿತು. ಗುಳಿಗೆ ತಿಂದರೆ ಬದುಕಬಹುದು, ಒಬ್ಬರೇ ವಿಮಾನ ನಡೆಸುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟರು.

ಅವರು ವಾಪಸ್ ಬಂದ ಮಧ್ಯಾಹ್ನ ನಾನು ವರ್ಕ್‌ಶಾಪಿನಲ್ಲೇ ಇದ್ದೆ. ಕೈಚೀಲ ಕೆಳಗಿಟ್ಟು, ಕಾಗದವನ್ನು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಪಂಜರದೊಳಗೆ ಹತ್ತಿ ಸೀಟಿನಲ್ಲಿ ಕೂತರು. ತಮ್ಮ ಎತ್ತರಕ್ಕೆ, ತಮ್ಮ ಉದ್ದ ಕಾಲಿಗೆ ಅಳೆದು ಮಾಡಿಕೊಂಡಿದ್ದ ಸೀಟು. ಕಾಲುಗಳು ಪೆಡಲಿಗೆ ಸರಿಯಾಗಿ ಮುಟ್ಟುತ್ತಿದ್ದವು. ಬಹಳ ಹೊತ್ತು ಕೂತೇ ಇದ್ದರು. ಅಳುತ್ತಾರೇನೋ ಅಂದುಕೊಂಡು ನಾನು ಮುಖ ತಿರುಗಿಸಿದೆ.

ಆಮೇಲೆ ಸ್ಪ್ಯಾನರಿನ ಸದ್ದು ಕೇಳಿಸಿತು. ಸೀಟಿನ ಬೋಲ್ಟುಗಳನ್ನು ಬಿಚ್ಚುತ್ತಿದ್ದರು.

"ಏನ್ಮಾಡ್ತಾ ಇದ್ದೀರಿ?" ಎಂದರು ಅತ್ತಿಗೆ.

"ಇದ್ನ ನನಗೆ ಅಂತ ಕಟ್ಟಿದ್ದೆ. ಅಲ್ಲೇ ಎಡವಿದ್ದು. ಮೂರು ತೂತು ಕೊರೀತೀನಿ, ಕುಳ್ಳರಾಗ್ಲಿ ಉದ್ದದೋರಾಗ್ಲಿ ಮುಂದಕ್ಕೆ ಹಿಂದಕ್ಕೆ ಮಾಡ್ಕಂಡು ಕೂರ್ಲಿ." ಕೆಳಗಿಳಿದು ಬಂದು ಸೀಟನ್ನು ಬೆಂಚಿನ ಮೇಲಿಟ್ಟರು. "ಬ್ಯಾರನ್ ಕಟ್ಟೋನು, ಟ್ರೈಲರ್ ಕಟ್ಟೋನು ಇಮಾನ ಯಾಕೆ ಕಟ್ಟಬಾರ್ದು? ಎಲ್ಲ ತುಂಡುನೂ ಅಳತೆಗೆ ಮಾಡಿ ಪೆಟ್ಟಿಗೇಲಿ ಕೊಟ್ಬುಡಾಣ. ಜತೆಗೆ ಹೆಂಗೆ ಜೋಡಿಸೋದು ಅಂತ ಕನ್ನಡದಲ್ಲಿ ಒಂದು ಪುಸ್ತಕ. ನನ್ನ ಮೊಕ ನೋಡ್ದೇ ಇದ್ದೋನೂ ಕಟ್ಟಿ ಮುಗಿಸ್ಬೇಕು."

ಅಲ್ಲಿಂದ ಕೆಲಸದ ರೀತಿಯೇ ಬೇರೆಯಾಯಿತು. ತಮ್ಮೊಬ್ಬರ ವಿಮಾನವನ್ನು ಅವರು ಎಲ್ಲರ ಕೈಗೂ ಸಿಗುವ ಕಿಟ್ ಮಾಡಲು ಹೊರಟರು. ಪ್ರತಿ ತುಂಡಿಗೂ ಅಚ್ಚು, ಪ್ರತಿ ತೂತಿಗೂ ಗುರುತು, ಪ್ರತಿ ಹಂತಕ್ಕೂ ಒಂದು ಹಾಳೆ. ಹಾಳೆಗಳನ್ನು ಅವರು ಹೇಳಿ ನಾನು ಬರೆಯುತ್ತಿದ್ದೆ; ನನ್ನ ಅಕ್ಷರ ದುಂಡಗಿದೆ ಎನ್ನುವುದೊಂದೇ ಕಾರಣ. ಎಂಬತ್ತು ಹಾಳೆಯಾದ ಮೇಲೆ ಒಂದು ದಿನ ಅವರು ಬಾಲದ ರಡ್ಡರಿನ ತುಂಡುಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿ ನನ್ನ ಮುಂದಿಟ್ಟರು. ರಡ್ಡರ್ ಅಂದರೆ ಬಾಲದಲ್ಲಿ ನೆಟ್ಟಗೆ ನಿಂತು ವಿಮಾನವನ್ನು ಆ ಕಡೆ ಈ ಕಡೆ ತಿರುಗಿಸುವ ಭಾಗ.

"ಹಾಳೆ ನೋಡ್ಕಂಡು ನೀನೇ ಕಟ್ಟು. ನಾನು ಬಾಯಿ ಬಿಡಾಕಿಲ್ಲ."

"ಅಣ್ಣ, ನನ್ನ ಕೈಲಿ ಆಗಾಕಿಲ್ಲ. ನಾನು ಲೆಕ್ಕದಲ್ಲಿ ಫೇಲಾದೋಳು."

"ಅದಕ್ಕೇ ನಿಂಗೆ ಕೊಡ್ತಿರೋದು. ನಂಗೆ ಗೊತ್ತಿರೋದು ನಿಂಗೆ ಗೊತ್ತಿಲ್ವಲ್ಲ."

ಐದು ಮಧ್ಯಾಹ್ನ ಕೂತು ಕಟ್ಟಿದೆ. ಅವರು ಎದುರಿನ ಬೆಂಚಿನಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು. ನಾನು ತಲೆ ಎತ್ತಿದರೆ ಬೇರೆ ಕಡೆ ನೋಡುತ್ತಿದ್ದರು. ಆರನೆಯ ದಿನ ಎತ್ತಿ ನಿಲ್ಲಿಸಿ ನೋಡಿದರೆ ಒಂದು ಕಡೆ ಬರಬೇಕಾದ ಕೆಳಗಿನ ತುಂಡು ಇನ್ನೊಂದು ಕಡೆಗೆ ಬಂದಿತ್ತು. ಅಂಟು ಗಟ್ಟಿಯಾಗಿತ್ತು, ಬಿಚ್ಚುವ ಹಾಗಿರಲಿಲ್ಲ. ನನ್ನ ಕಿವಿಯಲ್ಲಿ ಮೇಷ್ಟ್ರ ಮಾತೇ ಕೇಳಿಸಿದ ಹಾಗಾಯಿತು. "ಹಾಳು ಮಾಡ್ಬುಟ್ಟೆ ಕಣಣ್ಣ" ಎಂದು ಎದ್ದೆ.

ಅವರು ಹತ್ತಿರ ಬಂದು ಹದಿನಾಲ್ಕನೇ ಹಾಳೆ ಕೇಳಿದರು. ಓದಿದರು. "ಎಡಗಡೆಗೆ ಅಂತ ಬರೆಸಿವ್ನಿ. ಯಾರ ಎಡ? ಎದುರು ನಿಂತೋರ ಎಡವೋ, ಸೀಟಲ್ಲಿ ಕೂತೋರ ಎಡವೋ?" ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಿದರು. "ತಪ್ಪು ನಿಂದಲ್ಲ ಕಣವ್ವ, ಕಾಗದದ್ದು. ಬರಕೋ: ಸೀಟಿನಲ್ಲಿ ಕೂತು ಮುಂದೆ ನೋಡುವವರ ಎಡಗಡೆಗೆ."

ಹಾಗೆ ಮೂರು ರಡ್ಡರ್ ಕಟ್ಟಿದೆ. ಮೊದಲ ಎರಡರಲ್ಲಿ ನಾನು ಎಲ್ಲೆಲ್ಲಿ ತಪ್ಪಿದೆನೋ ಅಲ್ಲೆಲ್ಲ ಹಾಳೆ ತಿದ್ದಿದರು. ಒಂದು ಸಲವೂ ನನ್ನನ್ನು ತಿದ್ದಲಿಲ್ಲ. ಮೂರನೆಯದು ಅಚ್ಚಿನೊಳಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಅದನ್ನು ಎತ್ತಿ ಹಿಡಿದು ನಾನು ಎಷ್ಟೋ ಹೊತ್ತು ನಿಂತೆ. ಮೂವತ್ತೈದು ದಾಟಿದ ಹೆಂಗಸು, ಮನೆಗೆ ಹೋಗಿ ನಮ್ಮ ಯಜಮಾನರಿಗೆ ಅದನ್ನೇ ನಾಲ್ಕು ಸಲ ಹೇಳಿದೆನಂತೆ.

ಬಟ್ಟೆ ಹೊದಿಸುವ ಕೆಲಸಕ್ಕೆ ಒಂದು ಇಡೀ ಬೇಸಿಗೆ ಹಿಡಿಯಿತು. ರೆಕ್ಕೆಗೆ ಬಟ್ಟೆ ತೊಡಿಸಿದ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಬಟ್ಟೆ ಕುಗ್ಗಿ ತಮಟೆಯ ಹಾಗೆ ಬಿಗಿಯಾಗುತ್ತದೆ. ಬಿಸಿ ಹೆಚ್ಚಾದರೆ ಒಳಗಿನ ಪಕ್ಕೆಗಳನ್ನೇ ಸೊಟ್ಟ ಮಾಡುತ್ತದೆ. ಇಸ್ತ್ರಿ ಪೆಟ್ಟಿಗೆಯ ಮೇಲಿನ ಗುರುತುಗಳನ್ನು ನಂಬುವಂತಿಲ್ಲವೆಂದು ಅತ್ತಿಗೆ ಹತ್ತು ನಿಮಿಷಕ್ಕೊಮ್ಮೆ ಅದರ ತಳದ ಬಿಸಿ ಅಳೆಯುತ್ತಿದ್ದರು. ಆಮೇಲೆ ಹೊಲಿಗೆ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅತ್ತಿಗೆ. ಮೇಣ ಹಚ್ಚಿದ ದಾರವನ್ನು ಉದ್ದ ದಬ್ಬಳದಲ್ಲಿ ನಾನು ಚುಚ್ಚಿ ಕಳಿಸಿದರೆ ಅತ್ತಿಗೆ ಪಕ್ಕೆಯ ಇನ್ನೊಂದು ಬದಿಯಿಂದ ವಾಪಸ್ ಕಳಿಸಬೇಕು. ಎರಡೂವರೆ ಇಂಚಿಗೊಂದು ಗಂಟು. ಗೋಣಿತಾಟಿನ ಮೇಲೆ ಅವ್ವ ಹಾಕುತ್ತಿದ್ದ ಗಂಟಿಗೂ ಇದಕ್ಕೂ ಒಂದು ಸುತ್ತಿನ ವ್ಯತ್ಯಾಸ, ಅಷ್ಟೇ.

ವಿಮಾನ ಸಿದ್ಧವಾದರೂ ಅನುಮತಿಯ ಕಾಗದ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಧಿಕಾರಿಗಳು ಎರಡು ಸಲ ಬಂದು ಅಳೆದು, ಮುಟ್ಟಿ, ಪುಸ್ತಕಗಳನ್ನು ತಿರುವಿ ಹೋದರು. ಈ ನಡುವೆ ಎಚ್.ಡಿ. ಕೋಟೆ ಕಡೆಯ ಒಬ್ಬ ಧಣಿ, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರ ತನ್ನ ಬಯಲಿದೆ, ಮಗಳ ಮದುವೆಯ ದಿನ ಒಂದು ಸುತ್ತು ಹಾರಿಸಿದರೆ ಸಾಕು, ಎಂಜಿನ್ನಿನ ಖರ್ಚೆಲ್ಲ ತನ್ನದು ಎಂದು ಬಂದ. ಫಿಟ್ಟರಣ್ಣ ಅವನಿಗೆ ಕಾಫಿ ಕೊಡಿಸಿ, ಎಡಗಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡು, "ಕಾಗದ ಬರೋ ತನಕ ಚಕ್ರ ನೆಲ ಬುಡಾಕಿಲ್ಲ ಸ್ವಾಮಿ. ಮದುವೆ ಚೆನ್ನಾಗಿ ಆಗ್ಲಿ" ಎಂದು ಕಳಿಸಿದರು.

ಕಾಗದ ಬಂತು. ರೆಕ್ಕೆ ಬಿಚ್ಚಿ, ಕಂಬಳಿಗಳಲ್ಲಿ ಸುತ್ತಿ, ಲಾರಿಯಲ್ಲಿ ರಾಜ್ಯದ ಗಡಿಯಾಚೆಯ ಒಂದು ಖಾಸಗಿ ರನ್‌ವೇಗೆ ಸಾಗಿಸಿದೆವು. ಹಾರಿಸಲು ಒಪ್ಪಿದ್ದವರು ಒಬ್ಬ ನಿವೃತ್ತ ಪೈಲಟ್. ಬೆಳಗಿನ ಗಾಳಿ ಏಳುವ ಮೊದಲೇ ಅವರು ಸೀಟನ್ನು ಮಧ್ಯದ ತೂತಿಗೆ ಹಾಕಿಸಿಕೊಂಡು ಕೂತರು. ವಿಮಾನ ಓಡಿತು, ಬಾಲ ಎತ್ತಿತು, ಚಕ್ರಗಳ ಕೆಳಗೆ ಬೆಳಕು ಕಾಣಿಸಿತು. ಆಚಾರ್ರು ಕೈಮುಗಿದರು. ಆ ಎರಡಟ್ಟದ ರೆಕ್ಕೆಯಲ್ಲಿ ನಾನು ಹಾಕಿದ ಒಂದೊಂದು ಗಂಟೂ ಆ ಮನುಷ್ಯನ ಜೀವ ಹಿಡಿದಿದೆ ಎನ್ನುವುದು ಆಗ ಮಾತ್ರ ಸರಿಯಾಗಿ ತಿಳಿದದ್ದು. ಅತ್ತಿಗೆ ನನ್ನ ಮೊಣಕೈ ಹಿಡಿದಿದ್ದರು, ಅವರ ಉಗುರು ಚರ್ಮಕ್ಕೆ ಇಳಿದಿತ್ತು. ಫಿಟ್ಟರಣ್ಣ ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆದರು. ಆಮೇಲೆ ತಲೆ ಎತ್ತಿ, ಎಂಜಿನ್ನಿನ ಸದ್ದು ಹೋದ ಕಡೆಗೆಲ್ಲ ಎಡಗಿವಿ ತಿರುಗಿಸುತ್ತಾ ನಿಂತರು.

ಹನ್ನೊಂದು ನಿಮಿಷದ ಮೇಲೆ ಇಳಿದ ಪೈಲಟ್, "ತುಂಬಾ ಚೆನ್ನಾಗಿದೆ, ಆದರೆ ಎಡಗಡೆ ಸ್ವಲ್ಪ ಭಾರ ಎಳೀತದೆ" ಎಂದರು. ಮೊದಲ ಅರ್ಧವನ್ನು ಫಿಟ್ಟರಣ್ಣ ಕೇಳಿಸಿಕೊಂಡರೋ ಇಲ್ಲವೋ. ನೇರವಾಗಿ ಹೋಗಿ ಎಡ ರೆಕ್ಕೆಯ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡತೊಡಗಿದರು. ಒಂದು ಸುತ್ತು ಮುಗಿಸಿ ಬಂದವರು ಆಚಾರ್ರ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಮರ ಮ್ಯಾಲೆ ಹೋಗಿ ಬಂತು ಕಣ್ರೀ" ಅಂದರು. ಕಣ್ಣು ತುಂಬಿತ್ತು. ಆಚಾರ್ರು ರೆಕ್ಕೆಯ ಅಂಚು ಸವರಿದರು.

ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುವ ಬೆಳಗಾವಿ ಕಡೆಯ ಮೇಡಂ ಒಬ್ಬರು ವಿಷಯ ತಿಳಿದು ಬಂದು, ತಮ್ಮ ಕಾಲೇಜಿಗೆ ಮೊದಲ ಕಿಟ್ ಬೇಕೆಂದರು. ನಾವು ತುಂಡುಗಳನ್ನು ಮಾಡಲು ಶುರುಮಾಡಿದೆವು. ಮೈಯ ಪಂಜರ ಬೆಸೆದು ಮುಗಿದಿತ್ತು, ಪೆಟ್ಟಿಗೆಗಳು ಅರ್ಧ ತುಂಬಿದ್ದವು. ಆಗ ಫಿಟ್ಟರಣ್ಣ ಮೈಸೂರಿನ ಆಸ್ಪತ್ರೆ ಸೇರಿದರು. ಈ ಸಲ ಗುಳಿಗೆಗೆ ಹೃದಯ ಬಗ್ಗಲಿಲ್ಲ.

ನೋಡಲು ಹೋದಾಗ ಮೂಗಿಗೆ ಕೊಳವೆ ಹಾಕಿದ್ದರು. ಹತ್ತಿರ ಬಾ ಎಂದು ಬೆರಳಾಡಿಸಿದರು. ನಾನು ಎಡಗಡೆಗೆ ಹೋಗಿ ಬಗ್ಗಿದೆ.

"ಮೂವತ್ತೇಳನೇ ಹಾಳೇಲಿ ಚಿತ್ರ ತಿರುಗಾಮುರುಗಾ ಆಗದೆ. ಸರಿ ಮಾಡು."

"ಮಾಡ್ತೀನಣ್ಣ. ನೀವು ಸುಧಾರಿಸ್ಕಳಿ."

"ಇವತ್ತೇ ಮಾಡು" ಅಂದರು. ಅದೇ ಕೊನೆಯ ಮಾತು, ನನ್ನ ಪಾಲಿಗೆ. ಅವತ್ತು ರಾತ್ರಿಯೇ ಹೋಗಿಬಿಟ್ಟರು.

ಪಿರಿಯಾಪಟ್ಟಣದ ಹತ್ತಿರ ಅವರ ಮನೆಯವರ ಹೊಲದಲ್ಲಿ, ಹಣೆ ತುಂಬ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ಹಿಡಿ ಮಣ್ಣು ಹಾಕುವಾಗ ಆಚಾರ್ರ ಕೈ ಗುಂಡಿಯ ಅಂಚಿನಲ್ಲೇ ನಿಂತುಬಿಟ್ಟಿತು, ಪಕ್ಕದವರು ಹಿಡಿದುಕೊಳ್ಳಬೇಕಾಯಿತು. ಅವತ್ತಿನ ದಿನ ಊಟ ಸೇರಲಿಲ್ಲ. ಮನೆಗೆ ಬಂದು ಮೂವತ್ತೇಳನೇ ಹಾಳೆ ತೆಗೆದೆ. ನಿಜವೇ, ಚಿತ್ರ ತಿರುವಾಗಿತ್ತು. ಸರಿಮಾಡಿ ಬರೆದೆ.

ತಿಂಗಳಾದ ಮೇಲೆ ಅತ್ತಿಗೆಯ ಮೈದುನಂದಿರು ಬಂದು ವರ್ಕ್‌ಶಾಪ್ ಖಾಲಿ ಮಾಡಿ ಬಾಡಿಗೆಗೆ ಕೊಡೋಣ ಅಂದರು. ಕೆಟ್ಟ ಮನಸ್ಸಿನಿಂದಲ್ಲ, ಅತ್ತಿಗೆಗೆ ನೆಮ್ಮದಿಯಾಗಲಿ ಎಂದೇ ಹೇಳಿದ್ದು. ಅತ್ತಿಗೆ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡರು.

"ಆ ಮೇಡಂ ಮಕ್ಕಳನ್ನ ಕೂಡಿಸ್ಕಂಡು ಕಾಯ್ತಾ ಕುಂತವ್ರೆ. ಪೆಟ್ಟಿಗೆ ಅರ್ಧ ಆಗದೆ. ಅದು ಹೋದ ಮ್ಯಾಲೆ ಬಾಡಿಗೆ ಮಾತು" ಎಂದರು. ಮರುದಿನ ಬೆಳಿಗ್ಗೆ ಶಟರ್ ಎತ್ತಿದ್ದು ಅವರೇ.

ನಾವು ಮೂವರು ಏಳು ತಿಂಗಳು ದುಡಿದೆವು. ಆಚಾರ್ರು ಪಕ್ಕೆಗಳನ್ನು ಮುಗಿಸಿದರು. ಬಟ್ಟೆಗಳನ್ನು ನಾನು ಅಳತೆಗೆ ಹೊಲಿದು ಸುರುಳಿ ಸುತ್ತಿದೆ. ಗಂಟು ಹಾಕುವುದನ್ನು ಹೇಳುವ ಹಾಳೆ ಸಾಲದೆಂದು ಅತ್ತಿಗೆ ಮೊಬೈಲಿನಲ್ಲಿ ನನ್ನ ಕೈಯ ಚಿತ್ರ ಹಿಡಿದರು. ಅದಕ್ಕೆ ಹತ್ತು ಹಾಳೆ ಹೊಸದಾಗಿ ಸೇರಿಸಿದೆವು. ಸಂಶಯ ಬಂದಾಗ ಮೂವರಲ್ಲಿ ಯಾರೂ "ಅವರಿದ್ದಿದ್ದರೆ" ಎಂದು ಶುರುಮಾಡುತ್ತಿರಲಿಲ್ಲ. ಪುಸ್ತಕ ತೆಗೆದು ನೋಡುತ್ತಿದ್ದೆವು. ಅಲ್ಲಿ ಇರುತ್ತಿತ್ತು. ಇಲ್ಲದಿದ್ದರೆ ಒಂದು ತುಂಡು ಮಾಡಿ ಮುರಿದು ನೋಡುತ್ತಿದ್ದೆವು.

ಪೆಟ್ಟಿಗೆಗಳು ಹೋಗಿ ಒಂದೂವರೆ ವರ್ಷದ ಮೇಲೆ, ಯಾರದೋ ಮದುವೆಯ ರವಿಕೆಗೆ ತೋಳು ಇಡುತ್ತಿದ್ದಾಗ ಫೋನ್ ಬಂತು. ಹಿಂದೆ ಹುಡುಗ ಹುಡುಗಿಯರ ಗದ್ದಲ. "ಅಕ್ಕಾರ, ಹಾರಿತ್ರೀ" ಅಂದರು ಮೇಡಂ. "ನಿಮ್ಮ ಪುಸ್ತಕ ಒಂದ ಹಿಡಕೊಂಡ ಕಟ್ಟೇವ್ರಿ. ಒಮ್ಮೆನೂ ನಿಮಗ ಫೋನ್ ಮಾಡೋ ಪ್ರಸಂಗ ಬರಲಿಲ್ಲ ನೋಡ್ರಿ."

ನಾನು ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಅಂಗಡಿ ಮುಚ್ಚಿ ಸೇತುವೆ ದಾಟಿ ಓಡಿದೆ. ಅತ್ತಿಗೆ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಇನ್ನೊಂದು ಮಾಡೋದಾದ್ರೆ ವೆಲ್ಡಿಂಗ್ ಯಾರ ಕೈಲಿ ಮಾಡ್ಸಾದು?"

ಟ್ರೈಲರ್ ಬೆಸೆಯುವವರು ಊರಲ್ಲಿ ಎಷ್ಟೋ ಜನ ಇದ್ದಾರೆ. ಆ ತೆಳ್ಳನೆಯ ಕೊಳವೆಯನ್ನು ಸುಡದೆ ಕೂಡಿಸುವವರು ಇಲ್ಲ. ಎರಡು ದಿನ ಯೋಚಿಸಿ, ಐ.ಟಿ.ಐ.ನಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿಸುವ ಮೂರು ತಿಂಗಳ ಕೋರ್ಸಿಗೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ವಿದ್ಯಾಭ್ಯಾಸ ಎನ್ನುವ ಜಾಗದಲ್ಲಿ ಹತ್ತನೇ ತರಗತಿ ಫೇಲ್ ಎಂದು ಬರೆಯುವಾಗ ಮೊದಲ ಸಲ ಕೈ ಹಿಂಜರಿಯಲಿಲ್ಲ. ನನ್ನ ಮೇಲಿರುವ ಆ ಮನುಷ್ಯನ ಋಣ ಇಷ್ಟೇ ಎಂದರೆ ಇಷ್ಟೇ.

ಈಗ ಮಧ್ಯಾಹ್ನ ಎರಡರವರೆಗೆ ರವಿಕೆ, ಆಮೇಲೆ ಕಪ್ಪು ಕನ್ನಡಕ. ಮೂರು ಬೆರಳು ಸುಟ್ಟುಕೊಂಡಿದ್ದೇನೆ. ಕೂಡಿಸಿದ ಕೊಳವೆಗಳನ್ನು ಆಚಾರ್ರು ವೈಸಿನ ಇಕ್ಕಳಕ್ಕೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬಡಿಯುತ್ತಾರೆ, ಅತ್ತಿಗೆ ಎಷ್ಟನೇ ಏಟಿಗೆ ಬಿಟ್ಟಿತೆಂದು ಬರೆಯುತ್ತಾರೆ. ಇವತ್ತಿನದು ಇಪ್ಪತ್ತೆರಡನೇ ಏಟಿನವರೆಗೆ ನಿಂತಿತ್ತು. ಕೊಳವೆ ಸೀಳಬೇಕು, ಬೆಸುಗೆ ನಿಲ್ಲಬೇಕು. ಇನ್ನೂ ಬೆಸುಗೆಯೇ ಬಿಡುತ್ತಿದೆ. ನಾಳೆಗೆಂದು ಆರು ತುಂಡು ಕತ್ತರಿಸಿಟ್ಟು ಬಂದಿದ್ದೇನೆ.